ಚಹಾಕ್ಕೂ ಫೆಂಟಾಸ್ಟಿಕ್

ಡಾಕ್ಟರ್ ರೊಸಾರಿಯೊ ಮಣಿಪಾಲಕ್ಕೆ ಬಂದ ಮೇಲೆ ಜನಾರ್ದನ ರಾಯರಿಗೆ ಹೊಗಳಿಸಿಕೊಂಡು ಹೊಗಳಿಸಿಕೊಂಡೇ ಸುಸ್ತಾಗಿತ್ತು. ಬೈಸಿಕೊಂಡು ಸುಸ್ತಾದವರು ಊರು ತುಂಬ ಇದ್ದಾರೆ. ಹೊಗಳಿಕೆಯಿಂದ ಬಸವಳಿದ ಮನುಷ್ಯ ಇಡೀ ಉಡುಪಿ ತಾಲೂಕಿನಲ್ಲಿ ಇವರೊಬ್ಬರೇ ಇದ್ದಿರಬೇಕು.

ರಾಯರು ಅಂಬಲಪಾಡಿಯವರು. ಮಣಿಪಾಲದ ಒಂದು ಲ್ಯಾಬಿನಲ್ಲಿ ಹಿರಿಯ ಟೆಕ್ನೀಶಿಯನ್. ಆಪರೇಷನ್ ಮಾಡಿ ತೆಗೆದ ಮಾಂಸದ ಚೂರು ಬಾಟಲಿಯಲ್ಲಿ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಯಂತ್ರದ ಕತ್ತಿಯಲ್ಲಿ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರರ ಮೇಜಿನ ಮೇಲಿಡುವುದು ಅವರ ಕೆಲಸ. ಆ ಗಾಜಿನ ಪಟ್ಟಿಯೇ ಸ್ಲೈಡ್. ಅದನ್ನು ನೋಡಿ ಗಡ್ಡೆ ಸಾಧುವೋ ಕೆಟ್ಟದ್ದೋ ಎಂದು ಡಾಕ್ಟರರು ಹೇಳುತ್ತಾರೆ. ಕೊಯ್ಯುವಾಗ ಕೈ ತಪ್ಪಿದರೆ ಯಾರದೋ ಮನೆಯಲ್ಲಿ ಸುಮ್ಮನೆ ಅಳು, ಇಲ್ಲವೇ ಸುಮ್ಮನೆ ನಗು. ಎಂಬತ್ತೆರಡನೇ ಇಸವಿಯ ಮೇ ತಿಂಗಳ ಕೊನೆಗೆ ರಾಯರಿಗೆ ನಿವೃತ್ತಿ. ಅವರ ಮೊಣಕಾಲುಗಳು ಅದಕ್ಕಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ಔಷಧದ ಘಾಟಿಗೆ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು, ಮನೆಗೆ ಬಂದರೆ ಕೈಯ ವಾಸನೆಗೆ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಅಂಥ ಹೊತ್ತಿಗೆ ವಿಭಾಗದ ಹೊಸ ಮುಖ್ಯಸ್ಥರಾಗಿ ರೊಸಾರಿಯೊ ಬಂದರು. ಬೊಂಬಾಯಿಯಲ್ಲಿ ಬೆಳೆದವರು, ವಿಲಾಯತಿಯಲ್ಲಿ ಓದಿದವರು. ಮನುಷ್ಯ ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಹಿಂದಿನಿಂದ ಬೈದು ಹಗುರಾಗಬಹುದಿತ್ತು. ಬೆಳಗ್ಗೆ ಚಹಾ ಬಂದರೆ "ಫೆಂಟಾಸ್ಟಿಕ್!" ಎನ್ನುತ್ತಿದ್ದರು. ಆ ಚಹಾವನ್ನು ಕುಡಿದ ಬೇರೆ ಯಾರೂ ಅದನ್ನು ಚಹಾ ಎಂದೇ ಒಪ್ಪಿದವರಲ್ಲ. ಜವಾನ ಶೀನ ಕಿಟಕಿಯ ಚಿಲಕ ಸರಿಮಾಡಿದ್ದಕ್ಕೆ "ಬ್ರಿಲಿಯಂಟ್!" ಎಂದರು. ಶೀನ ಆ ಪದವನ್ನು ಬಾಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಮನೆಗೆ ಹೋಗಿ ಹೆಂಡತಿಗೆ ಹೇಳಿ, ಅಕ್ಕಪಕ್ಕದವರಿಗೂ ಹೇಳಿ, ಎದೆಯುಬ್ಬಿಸಿಕೊಂಡು ಮರುದಿನ ಬಂದ. ಬಂದವನು ಅಂಗಳದಿಂದ ಕಾಗೆ ಓಡಿಸಿದ. ಅದಕ್ಕೂ "ಬ್ರಿಲಿಯಂಟ್" ಸಿಕ್ಕಿತು. ಆಮೇಲೆ ಅವನು ಮನೆಯಲ್ಲಿ ಆ ವಿಷಯ ಎತ್ತಲಿಲ್ಲ.

ರಾಯರು ಸ್ಲೈಡಿನ ತಟ್ಟೆ ತಂದಿಟ್ಟರೆ "ಸೂಪರ್ಬ್, ರಾವ್! ಟೆರಿಫಿಕ್!" ಎಂದು ರೊಸಾರಿಯೊ ಕೈಯೆತ್ತುತ್ತಿದ್ದರು. ಒಮ್ಮೆ ಅಂಚು ಹರಿದ ಸ್ಲೈಡ್ ಒಂದು ತಟ್ಟೆಯಲ್ಲಿ ಉಳಿದುಹೋಗಿತ್ತು. ಅದಕ್ಕೂ ಸೂಪರ್ಬ್. ಅವರಿನ್ನೂ ಮೈಕ್ರೋಸ್ಕೋಪಿಗೆ ಕಣ್ಣೇ ಇಟ್ಟಿರಲಿಲ್ಲ. ರಾಯರು ಆ ಸ್ಲೈಡನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಆವತ್ತಿನಿಂದ ಸೂಪರ್ಬ್ ಎಂಬ ಶಬ್ದ ಅವರ ಕಿವಿಗೆ ಬಸ್ಸಿನ ಕಂಡಕ್ಟರನ ಸೀಟಿಯ ಹಾಗೆ ಬೀಳತೊಡಗಿತು. ಬಸ್ಸು ಹೊರಡುತ್ತದೆ ಎಂದು ಗೊತ್ತಾಗುತ್ತದೆ, ಅಷ್ಟೆ.

ಅವರು ಬೆಳೆದ ಮನೆಯೇ ಬೇರೆ. ತಂದೆ ಸಮಾರಂಭಗಳಿಗೆ ಅಡುಗೆ ಮಾಡುತ್ತಿದ್ದವರು. ಉಂಡವರು ಎಲೆಯ ಮುಂದೆ ಕೂತು ಬಾಯಿ ತುಂಬ ಹೊಗಳಿದರೆ ತಂದೆಗೆ ಸಿಟ್ಟು ಬರುತ್ತಿತ್ತು. "ಇವನಿಗೆ ಎರಡನೇ ಸಲ ಪಾಯಸ ಬೇಕು, ಅದಕ್ಕೆ ಬಾಯಿ" ಎನ್ನುತ್ತಿದ್ದರು. ಎಲ್ಲ ಮುಗಿದು ಮನೆಯ ಯಜಮಾನರು ಕೈ ತೊಳೆಯುತ್ತ, ಮುಖ ಆಚೆ ಮಾಡಿ, "ಅಡುಗೆ ಅಡ್ಡಿಲ್ಲ ಮಾರಾಯ್ರೆ" ಎಂದರೆ ತಂದೆ ಆ ದಿನ ದಾರಿಯುದ್ದಕ್ಕೂ ಗುನುಗುತ್ತ ಮನೆಗೆ ಬರುತ್ತಿದ್ದರು. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಮೇಲಿನ ಮಾತಿಲ್ಲ. ಮಗಳಿಗೆ ನೋಡಿದ ಗಂಡು ಅಡ್ಡಿಲ್ಲ, ಹೊಸ ಮನೆ ಅಡ್ಡಿಲ್ಲ, ಮಗನಿಗೆ ರ್‍ಯಾಂಕು ಬಂದರೆ "ಅಡ್ಡಿಲ್ಲ, ಓದಿದ್ದಾನೆ". ಹೇಳುವವರಿಗೂ ಕೇಳುವವರಿಗೂ ಅದರ ತೂಕ ಗೊತ್ತಿರುತ್ತದೆ. ಹೊರಗಿನವರಿಗೆ ಇದು ಜಿಪುಣತನ ಎನಿಸಬಹುದು. ಇರಲಿ, ಎನಿಸಲಿ.

ರಾಯರು ಈ ವಿಷಯದಲ್ಲಿ ತಂದೆಯನ್ನೂ ಮೀರಿಸಿದವರು. ನಳಿನಾಕ್ಷಿ ಅವರ ಕೈಕೆಳಗೆ ಬಂದು ಹತ್ತು ಹನ್ನೊಂದು ವರ್ಷವಾಗಿತ್ತು. ಕಾಪುವಿನ ಹುಡುಗಿ, ಮೀನುಗಾರರ ಮನೆಯವಳು. ಅವಳ ತಂದೆ ಸಮುದ್ರಕ್ಕೆ ಹೋದವರು ಮರಳಿ ಬಂದಿರಲಿಲ್ಲ. ತಾಯಿ ಸುಂದರಿ ಒಣಮೀನು ಮಾರಿ ಅವಳನ್ನು ಓದಿಸಿದ್ದಳು. ಬರುವಾಗ ಕತ್ತಿ ಹಿಡಿಯಲು ಬಾರದಿದ್ದವಳು ಈಗ ಕೊಯ್ಯಲು ಕೂತರೆ ಮೇಣದ ಪದರ ಒಂದಕ್ಕೊಂದು ಅಂಟಿಕೊಂಡು, ಎಲ್ಲೂ ತುಂಡಾಗದೆ, ಉದ್ದಕ್ಕೆ ಇಳಿಯುತ್ತಿತ್ತು. ರಾಯರು ಪಕ್ಕದಲ್ಲಿ ನಿಂತು ನೋಡಿ ನೋಡಿ ಕಣ್ಣು ತುಂಬಿಕೊಂಡು, ಆಮೇಲೆ "ಹೂಂ, ಮುಂದಿನದ್ದು ತೆಗಿ" ಎನ್ನುತ್ತಿದ್ದರು. ಎದುರಿಗೆ ಹೊಗಳಿದರೆ ಕೈ ಸಡಿಲಾಗುತ್ತದೆ ಎಂಬುದು ಅವರ ನಂಬಿಕೆ.

ನಳಿನಾಕ್ಷಿ ಇಷ್ಟು ವರ್ಷವಾದರೂ ಟೆಂಪರರಿ. ಪ್ರತಿ ವರ್ಷ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂದು ಉಸಿರು ಬಿಗಿಹಿಡಿಯಬೇಕು. ಯಾರಿಗಾದರೂ ಬೇಡವೆನಿಸಿದರೆ ಒಂದು ಮಾತಿನಲ್ಲಿ ಮನೆಗೆ ಕಳಿಸಬಹುದು. ರಾಯರು ಹೋದ ಮೇಲೆ ಅವರ ಕಾಯಂ ಹುದ್ದೆ ಖಾಲಿಯಾಗುತ್ತದೆ, ಅದು ಅವಳಿಗೆ ಸಿಗಬೇಕು. ಇದೊಂದು ಆದರೆ ತನ್ನ ಬದುಕು ದಂಡವಾಗಲಿಲ್ಲ ಎಂದುಕೊಳ್ಳಬಹುದು ಎಂದು ರಾಯರಿಗೆ ತೋರುತ್ತಿತ್ತು. ದೇವರ ಹತ್ತಿರ ಅವರು ತಮ್ಮ ಮೊಣಕಾಲಿಗಾಗಿಯೂ ಇಷ್ಟು ಕೇಳಿಕೊಂಡಿರಲಿಲ್ಲ.

ಏಪ್ರಿಲಿನಲ್ಲಿ ಸಂದರ್ಶನ ಗೊತ್ತಾಯಿತು. ರೊಸಾರಿಯೊ ರಾಯರನ್ನು ಕರೆದು, "ನೀವೂ ಬಂದು ಕೂತುಕೊಳ್ಳಿ ರಾವ್. ಆ ಹೆಣ್ಣುಮಗಳ ಕೆಲಸ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ನಿಮ್ಮ ಮಾತು ನನಗೆ ಸಾಕು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ರಾಯರಿಗೆ ಆವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕಾಲು ನೋಯಲಿಲ್ಲ. ಅಂಬಲಪಾಡಿಯಲ್ಲಿ ಇಳಿಯುವ ಹೊತ್ತಿಗೆ ಮಾತ್ರ ಚಿಂತೆ ಹತ್ತಿಕೊಂಡಿತು. ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಯಾವ ಮಾತು ಹೇಳುವುದು?

ಹೆಂಡತಿ ನರ್ಮದಾ ಹೊಸ್ತಿಲ ಹತ್ತಿರ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದಳು.

"ಅವರೇ ಹೇಳುವ ಮಾತುಗಳು ಉಂಟಲ್ಲ, ಅದರಲ್ಲಿ ಒಂದು ಹೇಳಿಬಿಡಿ" ಎಂದಳು.

"ಫೆಂಟಾಸ್ಟಿಕ್ ಅಂತ ಹೇಳುವುದಾ? ಅದು ಚಹಾಕ್ಕೆ ಹೇಳುವುದು ಮಾರಾಯ್ತಿ."

"ಮತ್ತೆ ಆ ಬ್ರಿಲಿಯಂಟು?"

"ಅದು ಕಾಗೆ ಓಡಿಸಿದರೆ."

"ಸೂಪರ್ಬ್ ಅಂತ ಒಂದು ಉಂಟಲ್ವಾ?"

"ಹರಿದ ಸ್ಲೈಡಿಗೂ ಅದನ್ನೇ ಹೇಳಿದ್ದಾರೆ ಅವರು. ಹಾದಿಬೀದಿಯಲ್ಲಿ ಚೆಲ್ಲಿದ್ದನ್ನು ಹೆಕ್ಕಿ ತಂದು ಆ ಹುಡುಗಿಗೆ ಕೊಡುವುದಾ ನಾನು?"

ನರ್ಮದಾ ಮುಂದಿನ ತೊಳೆ ಬಿಡಿಸತೊಡಗಿದಳು. ರಾಯರು ಎರಡು ಮೂರು ದಿನ ಅದನ್ನೇ ಮೆಲುಕು ಹಾಕಿದರು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಕತ್ತಿ ಮಸೆಯುವಾಗ, ಒಂದೊಂದೇ ಇಂಗ್ಲಿಷ್ ಪದವನ್ನು ಬಾಯಲ್ಲಿ ಹಾಕಿ ನೋಡಿ ಉಗುಳಿದರು. ಯಾವುದೂ ನಳಿನಾಕ್ಷಿಯ ಕೈಗೆ ಸಾಟಿಯಾಗಲಿಲ್ಲ. ಕೊನೆಗೆ ಇಂಥ ಕೆಲಸಕ್ಕೆ ಹೇಳುವ ಮಾತು ಒಂದೇ ಎಂದು ಅವರಿಗೆ ಖಚಿತವಾಯಿತು, ಅದನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು. ತಿರುಗಿಸಿದ ಮೇಲೆ ಸ್ವಲ್ಪ ಅಳುಕೂ ಆಯಿತು. ಎಲ್ಲರ ಎದುರು ಅಷ್ಟು ದೊಡ್ಡ ಮಾತು ಹೇಳಿದರೆ, ತನ್ನ ಶಿಷ್ಯೆಯನ್ನು ತಾನೇ ಎತ್ತಿ ಹಿಡಿದ ಎಂದು ಯಾರಾದರೂ ಆಡಿಕೊಂಡಾರೋ ಏನೋ ಎಂದು. ಆಡಿಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿದರು.

ಸಂದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು. ಮೇಜಿನ ಆಚೆ ರೊಸಾರಿಯೊ, ಅವರ ಅಕ್ಕಪಕ್ಕ ಇಬ್ಬರು ದೊಡ್ಡವರು, ಬದಿಯಲ್ಲಿ ಬರೆದುಕೊಳ್ಳಲು ಸ್ಟೆನೋ ಪ್ಯಾಟ್ರಿಶಿಯಾ. ಮಂಗಳೂರಿನಿಂದ ಶೇಖರ ಎಂಬ ಹುಡುಗ ಬಂದಿದ್ದ. ಅವನು ಕೆಲಸ ಮಾಡುತ್ತಿದ್ದ ಕಡೆಯ ಡಾಕ್ಟರರು ಅವನ ಬಗ್ಗೆ ಟೆರಿಫಿಕ್, ಫೆಂಟಾಸ್ಟಿಕ್ ಎಂದೆಲ್ಲ ಫೋನಿನಲ್ಲಿ ಹೇಳಿದ್ದಾರೆಂದು ರೊಸಾರಿಯೊ ಉಳಿದವರಿಗೆ ತಿಳಿಸಿದರು. ರಾಯರು ಮನಸ್ಸಿನಲ್ಲೇ ನಕ್ಕರು. ಪಾಪ, ಆ ಹುಡುಗನಿಗೆ ಚಹಾದ ಮಾತೇ ಗತಿ.

ನಳಿನಾಕ್ಷಿ ಬಂದಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಹೋದಳು. ಬಾಗಿಲು ಮುಚ್ಚಿದ ಮೇಲೆ ರೊಸಾರಿಯೊ ತಿರುಗಿ, "ರಾವ್, ಈಗ ನೀವು ಹೇಳಿ" ಎಂದರು.

ರಾಯರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಸರ್. ಶಿ ಈಸ್ ನಾಟ್ ಬ್ಯಾಡ್."

ಹೇಳಿ ಕೂತರು. ಮೇಜಿನ ಆಚೆಯವರು ಇನ್ನೇನೋ ಬರುತ್ತದೆ ಎಂಬಂತೆ ಸ್ವಲ್ಪ ಹೊತ್ತು ಕಾದರು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ ರಾಯರು ಬೆವರು ಒರೆಸಿಕೊಂಡರು. "ಫೈನ್, ಫೈನ್. ಥ್ಯಾಂಕ್ಯೂ ರಾವ್" ಎಂದರು ರೊಸಾರಿಯೊ. ಆವತ್ತು ಊಟಕ್ಕೆ ಕೂತ ರಾಯರು ಇನ್ನೊಮ್ಮೆ ಸಾರು ಬಡಿಸಿಕೊಂಡಿದ್ದನ್ನು ಕಂಡು, ಕೆಲಸ ಆಯಿತು ಎಂದು ನರ್ಮದಾ ತಿಳಿದುಕೊಂಡಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪ್ಯಾಟ್ರಿಶಿಯಾ ಲ್ಯಾಬಿನ ಬಾಗಿಲಿಗೆ ಬಂದಳು. ನಳಿನಾಕ್ಷಿ ಊಟಕ್ಕೆ ಹೋಗಿದ್ದಳು, ರಾಯರೊಬ್ಬರೇ ಇದ್ದರು.

"ಸರ್, ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ. ನಿಮಗೆ ನಳಿನಾಕ್ಷಿಯ ಮೇಲೆ ಎಂತ ಸಿಟ್ಟು?"

ರಾಯರಿಗೆ ತಲೆಬುಡ ಅರ್ಥವಾಗಲಿಲ್ಲ. "ಸಿಟ್ಟಾ? ನನಗಾ?"

"ಮತ್ತೆ ನಾಟ್ ಬ್ಯಾಡ್ ಅಂತ ಹೇಳಿದಿರಲ್ಲ, ಎಲ್ಲರ ಎದುರು."

"ಹೌದು. ಅದಕ್ಕಿಂತ ಹೆಚ್ಚಿಗೆ ಹೇಳ್ಲಿಕ್ಕೆ ಎಂತ ಉಂಟು?"

ಪ್ಯಾಟ್ರಿಶಿಯಾ ಇಲ್ಲೇ ಕಲ್ಯಾಣಪುರದ ಕಡೆಯವಳು, ಸಂತೆಕಟ್ಟೆಯಲ್ಲಿ ಬಸ್ಸು ಹಿಡಿದು ಬರುವವಳು. ಒಂದು ಕ್ಷಣ ರಾಯರ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೆ ತಿಳಿಯಿತು. ತಿಳಿದದ್ದೇ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

"ಅಯ್ಯೋ ಸರ್, ನೀವು 'ಅಡ್ಡಿಲ್ಲ' ಅಂತ ಹೇಳಿದ್ದಾ? ನನ್ನ ಅಪ್ಪನೂ ಹೀಗೇ. ಆದರೆ ಇವರ ಹತ್ತಿರ ಅದು ನಡೆಯುವುದಿಲ್ಲ ಸರ್. ಇವರ ಮಾತು ಸೂಪರ್ಬಿನಿಂದ ಶುರು ಆಗುವುದು. ಗುಡ್ ಅಂದರೇ ಸುಮಾರು ಅಂತ ಲೆಕ್ಕ. ನಾಟ್ ಬ್ಯಾಡ್ ಅಂದರೆ, ಬೇರೆ ಯಾರೂ ಸಿಗದಿದ್ದರೆ ಇಟ್ಟುಕೊಳ್ಳಬಹುದು ಅಂತ. ನೀವು ಹೊರಗೆ ಹೋದ ಮೇಲೆ ಸಾಹೇಬರು ಎಂತ ಹೇಳಿದರು ಗೊತ್ತುಂಟಾ? 'ರಾವ್ ಬಹಳ ಸಜ್ಜನ. ಆ ಹುಡುಗಿ ಪ್ರಯೋಜನ ಇಲ್ಲ ಅಂತ ಬಾಯಿಬಿಟ್ಟು ಹೇಳಲಿಕ್ಕೆ ಅವರಿಗೆ ಮನಸ್ಸು ಬರುವುದಿಲ್ಲ' ಅಂತ."

"ಮತ್ತೆ ಕೆಲಸ?"

"ಶೇಖರನಿಗೆ."

ರಾಯರು ಕತ್ತಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ತೆಗೆದು ಮತ್ತೆ ಒರೆಸಿದರು. ಪ್ಯಾಟ್ರಿಶಿಯಾ ಎದ್ದು ಹೋದದ್ದು ಅವರಿಗೆ ಗೊತ್ತಾಗಲಿಲ್ಲ.

ಅದೇ ಮಧ್ಯಾಹ್ನ ಅವರು ರೊಸಾರಿಯೊ ಅವರ ಕೋಣೆಗೆ ಹೋದರು. ಹೋಗುವ ದಾರಿಯಲ್ಲಿ ನಾಲಿಗೆಯನ್ನು ಹದ ಮಾಡಿಕೊಂಡರು. ಈಗ ಮಾನ ಮರ್ಯಾದೆ ನೋಡುತ್ತ ಕೂತರೆ ಆಗುವುದಿಲ್ಲ. ಚಹಾದ ಮಾತೋ ಕಾಗೆಯ ಮಾತೋ, ಆ ಮನುಷ್ಯನಿಗೆ ತಿಳಿಯುವ ಮಾತು ಹೇಳಬೇಕು.

"ಸರ್, ನಳಿನಾಕ್ಷಿ ಫೆಂಟಾಸ್ಟಿಕ್" ಎಂದರು. ರೊಸಾರಿಯೊ ತಲೆಯೆತ್ತಿದರು. "ಸೂಪರ್ಬ್, ಸರ್. ಟೆರಿಫಿಕ್. ಬ್ರಿಲಿಯಂಟ್." ಇದ್ದದ್ದನ್ನೆಲ್ಲ ಸುರಿದಾಯಿತು. ಮೈಯೆಲ್ಲ ನಾಚಿಕೆಯಿಂದ ಬಿಸಿಯಾಗಿತ್ತು. ಅರವತ್ತರ ಹತ್ತಿರ ಬಂದ ಮನುಷ್ಯ, ಸಂತೆಯಲ್ಲಿ ತರಕಾರಿ ಕೂಗುವವನ ಹಾಗೆ ನಿಂತಿದ್ದರು.

ರೊಸಾರಿಯೊ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನಿಜವಾದ ಪ್ರೀತಿಯೇ ಇತ್ತು, ಸುಳ್ಳು ಹೇಳಬಾರದು. "ನೀವು ಮಾರ್ವೆಲಸ್ ಮನುಷ್ಯ, ರಾವ್. ಹುಡುಗಿಗೆ ನಿರಾಶೆಯಾಯಿತೆಂದು ಹೀಗೆ ಹೇಳುತ್ತಿದ್ದೀರಿ. ಆವತ್ತು ನೀವು ಪ್ರಾಮಾಣಿಕವಾಗಿ ಹೇಳಿದಿರಲ್ಲ, ನನಗೆ ಅದೇ ಹಿಡಿಸಿದ್ದು. ಆದೇಶ ಹೋಗಿಯಾಯಿತು" ಎಂದರು. ರಾಯರು ಏನೇನೋ ವಿವರಿಸಲು ನೋಡಿದರು. ಇಂಗ್ಲಿಷು ಕೈಕೊಟ್ಟಿತು. ಚಹಾ ಬಂತು, ರೊಸಾರಿಯೊ ಒಂದು ಗುಟುಕು ಕುಡಿದು, ಅದಕ್ಕೆ ಹೇಳಬೇಕಾದ್ದನ್ನು ಹೇಳಿದರು.

ನಳಿನಾಕ್ಷಿ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಭಾನುವಾರ ರಾಯರು ಕಾಪುವಿಗೆ ಹೊರಟರು. "ಕಾಲು ನೋವು ಇಟ್ಟುಕೊಂಡು ಎಲ್ಲಿಗೆ?" ಎಂದು ನರ್ಮದಾ ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಿದ್ದರು. ಉದ್ಯಾವರದ ಸೇತುವೆ ದಾಟುವಾಗ ಬಸ್ಸಿನೊಳಗೆ ಹೊಳೆಯ ಗಾಳಿ ಬಂತು. ಸೆಕೆಗೆ ಕಂಗಾಲಾಗಿದ್ದ ಜನ ಉಸ್ಸೆಂದು ಸುಧಾರಿಸಿಕೊಂಡರು. ರಾಯರಿಗೆ ಮಾತ್ರ ಈ ಬಸ್ಸು ಎಲ್ಲಾದರೂ ಕೆಟ್ಟು ನಿಂತರೆ ಒಳ್ಳೆಯದಿತ್ತು ಎನಿಸುತ್ತಿತ್ತು. ಅದು ಕೆಡಲಿಲ್ಲ.

ಕಡಲಂಚಿನ ದೀಪಸ್ತಂಭದ ಕಡೆ ಹೋಗುವ ಮರಳು ದಾರಿಯಲ್ಲಿ ಕೇಳಿಕೊಂಡು ಹೋಗಿ ಮನೆ ಹುಡುಕಿದರು. ಅಂಗಳದಲ್ಲಿ ಮೀನು ಒಣಹಾಕಿತ್ತು, ಸುಂದರಿ ಕಾಗೆಗೆ ಕೋಲು ಹಿಡಿದು ಕೂತಿದ್ದಳು. ಗಾಬರಿಯಿಂದ ಎದ್ದು, ಜಗಲಿಯ ಮೇಲೆ ಚಾಪೆ ಹಾಸಿ, ಎಳನೀರಿನ ಬೊಂಡ ಕೆತ್ತಿಸಿ ತಂದುಕೊಟ್ಟಳು. ನಳಿನಾಕ್ಷಿ ಬಂದು ಕಂಬಕ್ಕೆ ಒರಗಿ ನಿಂತಳು. ಕಣ್ಣು ಊದಿಕೊಂಡಿತ್ತು.

"ನಾಳೆ ಬರ್ತೇನೆ ಸರ್. ಜ್ವರ ಇತ್ತು."

"ಜ್ವರ ಇರಲಿಲ್ಲ" ಎಂದರು ರಾಯರು. "ನಾನು ಹೇಳಿದ್ದರಿಂದ ಹೀಗಾಯ್ತು, ನಳಿನಾಕ್ಷಿ. ಪ್ಯಾಟ್ರಿಶಿಯಾ ಹೇಳಿರಬೇಕು ನಿನಗೆ."

"ಹೇಳಿದಳು."

"ನಾನು ಕೆಟ್ಟದ್ದು ಹೇಳ್ಲಿಲ್ಲ. ನಿನ್ನಾಣೆ ಹೇಳ್ಲಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು ಇಲ್ಲ."

"ನನಗೆ ಗೊತ್ತುಂಟು ಸರ್. ನಾನು ಕಾಪುವಿನವಳು, ನನಗೆ ಅರ್ಥ ಆಗುವುದಿಲ್ಲವಾ?" ಅವಳ ದನಿ ಇನ್ನೂ ತಣ್ಣಗೇ ಇತ್ತು. "ಪ್ಯಾಟ್ರಿಶಿಯಾ ಹೇಳುವಾಗ ಮೊದಲು ನನಗೆ ಕೆಲಸ ಕೈತಪ್ಪಿದ್ದು ತಲೆಗೇ ಹೋಗಲಿಲ್ಲ. ರಾಯರು ನನ್ನ ಬಗ್ಗೆ ಅಡ್ಡಿಲ್ಲ ಅಂತ ಹೇಳಿದ್ರಾ, ಅಂತ ಅದನ್ನೇ ಎರಡು ಮೂರು ಸಲ ಕೇಳಿದೆ. ಕುಣಿದುಬಿಡುವ ಅಂತ ಆಯ್ತು ನನಗೆ."

ರಾಯರಿಗೆ ಸ್ವಲ್ಪ ಉಸಿರು ಬಂತು. ಬೊಂಡಕ್ಕೆ ಬಾಯಿಟ್ಟರು.

"ಮನೆಗೆ ಬಂದ ಮೇಲೆ ಸಿಟ್ಟು ಬಂತು" ಎಂದಳು ನಳಿನಾಕ್ಷಿ. "ಹೋದ ವರ್ಷ ಕಾರ್ಕಳದಲ್ಲಿ ಹೊಸ ಆಸ್ಪತ್ರೆ ಶುರು ಮಾಡುವವರು ನನ್ನನ್ನು ಕರೆದಿದ್ದರು. ಲ್ಯಾಬು ಪೂರ್ತಿ ನೀನೇ ನೋಡಿಕೋ, ಬಂದ ದಿನದಿಂದಲೇ ಕಾಯಂ ಅಂತ. ನಾನು ನಿಮ್ಮ ಹತ್ತಿರ ಕೇಳಿದೆ, ನನ್ನ ಒಬ್ಬಳಿಂದ ಆದೀತಾ ಸರ್ ಅಂತ. ನಿಮಗೆ ನೆನಪುಂಟಾ?"

ನೆನಪಿತ್ತು. ಅವಳು ಕೇಳಿದಾಗ ಅವರು ಕತ್ತಿ ಮಸೆಯುತ್ತಿದ್ದರು. ಆಗುತ್ತದೆ, ಧಾರಾಳ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ತಲೆಯೆತ್ತದೆ, "ನೋಡುವ" ಎಂದಿದ್ದರು. ಹೊಗಳಿದರೆ ಕೆಡುತ್ತಾಳೆ ಎಂದೋ, ಹೋದರೆ ತನಗೆ ಇಂಥ ಕೈ ಮತ್ತೆ ಸಿಗುವುದಿಲ್ಲ ಎಂದೋ, ಈಗ ಅವರಿಗೇ ಸರಿಯಾಗಿ ಹೇಳಲು ಬರುವಂತಿರಲಿಲ್ಲ. ಎರಡನೆಯದ್ದೇ ಇರಬೇಕು.

"ನೀವು ನೋಡುವ ಅಂದಿರಿ. ನನ್ನಿಂದ ಆಗ್ಲಿಕ್ಕಿಲ್ಲ, ಅದಕ್ಕೇ ಸರ್ ಹಾಗೆ ಹೇಳಿದ್ದು ಅಂತ ನಾನು ಅವರಿಗೆ ಬರುವುದಿಲ್ಲ ಅಂದುಬಿಟ್ಟೆ. ಆ ಕೆಲಸಕ್ಕೆ ಬೇರೆ ಯಾರೋ ಬಂದಾಯ್ತು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೆ ಮಾತು ನಿಮ್ಮ ಬಾಯಿಂದ ಬಂತಲ್ಲ ಸರ್, ಅದೂ ಅರ್ಥ ಆಗದವರ ಎದುರು ಹೇಳಿದಿರಿ. ನನಗೆ ಹೇಳಿದ್ದರೆ ನನಗೆ ಅರ್ಥ ಆಗ್ತಿತ್ತು."

ಸುಂದರಿ "ನಳಿನೀ" ಎಂದು ಗದರಿದಳು. ದೊಡ್ಡವರ ಎದುರು ಹಾಗೆಲ್ಲ ಮಾತಾಡುವುದಾ ಎಂದಳು. ರಾಯರು ಬೊಂಡವನ್ನು ಪಕ್ಕಕ್ಕಿಟ್ಟರು. ಎದ್ದು ಹೋಗಿಬಿಡೋಣ ಎನಿಸಿತು. ಮೊಣಕಾಲು ಏಳಗೊಡಲಿಲ್ಲ. ಅಥವಾ ಮೊಣಕಾಲಿನ ಮೇಲೆ ಸುಮ್ಮನೆ ಆರೋಪ, ಏಳುವುದು ನ್ಯಾಯವಲ್ಲ ಎಂದು ಅವರಿಗೇ ಗೊತ್ತಿತ್ತು. ಆಚೆ ಸಮುದ್ರ ಒಂದೇ ಸಮನೆ ಗದ್ದಲ ಮಾಡುತ್ತಿತ್ತು. ಅವರು ಅವಳ ಮುಖ ನೋಡಿದರು. ಹೊಗಳುವಾಗ ಮುಖ ಆಚೆ ಮಾಡುವುದು ತಂದೆಯ ಕಾಲದಿಂದ ಬಂದ ರೂಢಿ, ಈಗ ಕಷ್ಟಪಟ್ಟು ತಿರುಗಿಸದೆ ಇಟ್ಟುಕೊಂಡರು.

ಲ್ಯಾಬಿನ ಕನ್ನಡ ಬಿಟ್ಟು ತುಳುವಿನಲ್ಲಿ ಶುರುಮಾಡಿದರು. "ನಳಿನಾಕ್ಷಿ, ಮೂವತ್ತು ವರ್ಷ ನಾನು ಈ ಕೆಲಸ ಮಾಡಿದ್ದೇನೆ. ನಿನ್ನ ಹಾಗೆ ಕೊಯ್ಯುವ ಕೈ ನಾನು ಕಂಡಿಲ್ಲ. ನನಗೂ ಅಷ್ಟು ಬರುವುದಿಲ್ಲ. ಕಳೆದ ಐದಾರು ವರ್ಷದಲ್ಲಿ ಕಷ್ಟದ್ದು ಏನು ಬಂದರೂ ನಿನ್ನ ಕಡೆಗೆ ನೂಕುತ್ತಿದ್ದೆನಲ್ಲ, ನನ್ನ ಕೈ ಮೇಲೆ ನನಗೆ ಧೈರ್ಯ ಇರಲಿಲ್ಲ. ನಿನ್ನ ಮೇಲೆ ಇತ್ತು."

ನಳಿನಾಕ್ಷಿ ಅಲುಗಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ರಾಯರಿಗೆ ಇನ್ನೂ ಇತ್ತು, ಒಳಗೆ ಕೂಡಿಹೋಗಿದ್ದು ತಡವರಿಸಿಕೊಂಡು ಹೊರಗೆ ಬರುತ್ತಿತ್ತು. ಒಬ್ಬ ಮುದುಕಿಯ ಗಂಟಲ ಗಡ್ಡೆಯ ಸ್ಲೈಡನ್ನು ಅವಳು ಮಾಡಿದ್ದು, ಅದನ್ನು ತಾನು ಬೆಳಕಿಗೆ ಹಿಡಿದು ನೋಡುತ್ತ ಮನೆಗೆ ಹೋಗುವುದನ್ನೇ ಮರೆತದ್ದು, ಅದನ್ನೆಲ್ಲ ಹೇಳತೊಡಗಿದರು.

ಸುಂದರಿ ಕೇಳಿ ಕೇಳಿ ಗಾಬರಿಗೊಂಡಳು. ಕೋಲು ಬಿಟ್ಟು ಜಗಲಿಯ ಹತ್ತಿರ ಬಂದು, "ಸಾಕು ರಾಯರೇ, ಸಾಕು. ಎದುರಿಗೆ ಅಷ್ಟೆಲ್ಲ ಹೇಳಬೇಡಿ. ಮಗುವಿಗೆ ದೃಷ್ಟಿಯಾಗ್ತದೆ" ಎಂದಳು.

"ಆಗಲಿ ಅಮ್ಮ" ಎಂದಳು ನಳಿನಾಕ್ಷಿ. "ದೃಷ್ಟಿ ಆಗ್ಲಿಕ್ಕೆ ಇಲ್ಲಿ ಇನ್ನು ಎಂತ ಉಳಿದುಂಟು? ನೀವು ಹೇಳಿ ಸರ್."